ಹಂಪಮ್ಮನ ಹೆಸರಿನ ಮುಂದಿರುವ ಹಸಿರು ಗುರುತು

‘ಅಂಗೈ ಆರೋಗ್ಯ’ ಯೋಜನೆಯ ಜಿಲ್ಲಾ ಉಸ್ತುವಾರಿ ಅಧಿಕಾರಿಗಳಿಗೆ,

ಮಾನ್ಯರೇ,

ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿಯ ಮೇ ಹದಿನಾಲ್ಕರಂದು ಹಂಪಮ್ಮ ಗಂಡ ಹುಲಗಪ್ಪ, ವಯಸ್ಸು ನಲವತ್ತೊಂಬತ್ತು, ಇವರ ಆರೋಗ್ಯ ಉತ್ತಮವಾಗಿತ್ತು, ಆಮ್ಲಜನಕದ ಪ್ರಮಾಣ ತೊಂಬತ್ತೇಳು ಇತ್ತು ಎಂದು ತಮ್ಮ ದಾಖಲೆ ಹೇಳುತ್ತದೆ. ಅದೇ ದಿನ ಮಧ್ಯಾಹ್ನ ಮೂರು ಗಂಟೆಗೆ ಆಕೆಯನ್ನು ಮಣ್ಣು ಮಾಡಿದರು. ದಾಖಲೆ ಸುಳ್ಳು. ಬೆಳಿಗ್ಗೆ ಎಂಟೂಕಾಲಿಗೆ ಹುಣಸಗಿಯ ನನ್ನ ಮೊಬೈಲ್ ಅಂಗಡಿಯಲ್ಲಿ ಅರ್ಧ ಶಟರ್ ಎಳೆದುಕೊಂಡು ಕೂತು ಆ ಸುಳ್ಳನ್ನು ತುಂಬಿದವನು ನಾನು. ತಿದ್ದಿಕೊಡಿ ಎಂದು ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ತಾವು ತಿದ್ದಿಲ್ಲ. ಈ ತಿಂಗಳು ಆ ಸುಳ್ಳಿನಿಂದ ಇನ್ನೊಬ್ಬ ಮನುಷ್ಯ ಕಾಲು ಕಳೆದುಕೊಳ್ಳುವವನಿದ್ದಾನೆ, ಬಹುಶಃ ಜೀವವನ್ನೂ. ಅದಕ್ಕೇ ಈ ಸಲ ಅರ್ಜಿಯನ್ನು ತಮ್ಮ ಟಪಾಲು ಪೆಟ್ಟಿಗೆಗೆ ಹಾಕದೆ ನಾಲ್ಕು ಮಂದಿ ಓದುವಂತೆ ಬರೆಯುತ್ತಿದ್ದೇನೆ.

ಮೊದಲು ತಮ್ಮ ಯಶಸ್ಸಿನ ವಿಚಾರ. ಆ ವರ್ಷ ತಮ್ಮ ಕಚೇರಿಯ ಪ್ರಕಟಣೆಯಲ್ಲಿ ಒಂದು ವಾಕ್ಯವಿತ್ತು: ‘ಆರೋಗ್ಯ ಆ್ಯಪ್ ಬಳಕೆಗೆ ಗ್ರಾಮೀಣ ಸಾರ್ವಜನಿಕರಿಂದ ಅಭೂತಪೂರ್ವ ಸ್ಪಂದನೆ.’ ನಮ್ಮ ಭಾಗದ ಮಟ್ಟಿಗೆ ಆ ಸಾರ್ವಜನಿಕರು ಯಾರು ಎಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ನಾನೊಬ್ಬನೇ. ಫೋನು ರಿಪೇರಿಗೆ ಬಂದವರಿಗೆಲ್ಲ ಆ್ಯಪ್ ಹಾಕಿ ಕಳಿಸಿರಿ ಎಂದು ಪಂಚಾಯತಿಯಿಂದ ಹೇಳಿಕೆ ಬಂದಿತ್ತು. ಹಾಕಿದೆ. ಇನ್ನೂರ ಆರು ಫೋನಿಗೆ ಹಾಕಿದೆ. ಅಂಗಡಿಯ ಮೆಟ್ಟಿಲು ಇಳಿಯುವುದರೊಳಗೆ ಅರ್ಧ ಜನ ತೆಗೆದುಹಾಕಿದರು. ಫೋನಿನಲ್ಲಿ ಜಾಗವಿಲ್ಲ, ಮಗಳ ಮದುವೆಯ ವಿಡಿಯೋ ಅಳಿಸಬೇಕಾಗುತ್ತದೆ ಎಂದರು. ಮಗಳ ಮದುವೆ ದೊಡ್ಡದೋ ತಮ್ಮ ಆ್ಯಪ್ ದೊಡ್ಡದೋ? ಆದರೆ ತಮ್ಮ ಯಂತ್ರ ಹಾಕಿದ್ದನ್ನು ಎಣಿಸುತ್ತದೆ, ತೆಗೆದಿದ್ದನ್ನು ಎಣಿಸುವುದಿಲ್ಲ. ನಾನು ಹೀಗೆ ವ್ಯಾಪಾರ ಮಾಡಿದ್ದರೆ ಈಗಲೂ ಬಸ್ ನಿಲ್ದಾಣದ ಹೊರಗೆ ಕೊಡೆ ಹಿಡಿದು ಕರೆನ್ಸಿ ಕಾರ್ಡ್ ಮಾರುತ್ತಿದ್ದೆ.

ಇದು ನಗುವ ಭಾಗ. ನಗುವ ಭಾಗ ಇಷ್ಟೇ ಇದೆ.

ಕೊರೊನಾದ ಎರಡನೆಯ ಅಲೆ ಬಂದಾಗ ಮನೆಯಲ್ಲೇ ಉಳಿದ ರೋಗಿಗಳು ದಿನಾ ಬೆಳಿಗ್ಗೆ ಆ್ಯಪ್‌ನಲ್ಲಿ ತಮ್ಮ ಸ್ಥಿತಿ ತಿಳಿಸಬೇಕು ಎಂದು ಆದೇಶವಾಯಿತು. ಮೊದಲ ಪ್ರಶ್ನೆ: ‘ಇಂದು ಹೇಗಿದ್ದೀರಿ?’ ಕೆಳಗೆ ಮೂರು ಗುಂಡಿ. ಹಸಿರು ಅಂದರೆ ಆರಾಮ. ಹಳದಿ ಅಂದರೆ ಸ್ವಲ್ಪ ತೊಂದರೆ. ಕೆಂಪು ಒತ್ತಿದರೆ ವೈದ್ಯರು ಫೋನ್ ಮಾಡುತ್ತಾರೆ, ವಾಹನ ಬರುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ವ್ಯವಸ್ಥೆ ಇಲ್ಲ. ಬೋನಾಳದ ಕೆರೆಯ ಆಚೆ ಒಂದು ದೊಡ್ಡಿಯಿದೆ. ನಮ್ಮ ಕಡೆ ಊರಿನಿಂದ ದೂರ ಹೊಲದ ನಡುವೆ ಇರುವ ಸಣ್ಣ ವಸತಿಗೆ ದೊಡ್ಡಿ ಅನ್ನುತ್ತೇವೆ. ಅಲ್ಲಿ ಹತ್ತೊಂಬತ್ತು ಮಂದಿಗೆ ಬೇನೆ ಬಂತು. ಆಶಾ ಕಾರ್ಯಕರ್ತೆ ಮೌನಮ್ಮ ಪಟ್ಟಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು.

“ಕಾಕಾ, ಇದರಾಗ ಇಬ್ಬರ ಮನ್ಯಾಗ ಅಷ್ಟ ದೊಡ್ಡ ಫೋನ್ ಅದ. ಒಂದರ ಗಾಜ ಒಡದು ನಿಮ್ಮ ಹತ್ರನ ಬಿದ್ದದ. ಇನ್ನೊಂದು ಅಳಿಯನ ಜೋಡಿ ಪುಣೆಕ್ಕ ಹೋಗ್ಯಾದ.”

“ಮತ್ತ ಆ್ಯಪ್‌ನಾಗ ನೂರಕ್ಕ ನೂರು ಆಗಬೇಕು ಅಂತಾರಲ್ಲವ್ವ, ಹೆಂಗ ಮಾಡ್ತಿ?”

“ನೀವ ಅದೀರಲ್ಲ,” ಅಂದಳು.

ಒಂದು ನಂಬರಿಗೆ ಹತ್ತು ಜನರನ್ನು ಸೇರಿಸಬಹುದು ಎಂಬ ಸೌಲಭ್ಯವನ್ನು ತಾವೇ ಕೊಟ್ಟಿದ್ದಿರಿ. ನನ್ನ ಎರಡು ನಂಬರಿಗೆ ಹತ್ತೊಂಬತ್ತು ಜನ ಸೇರಿದರು. ಒಂದು ಜಾಗ ಖಾಲಿ ಉಳಿಯಿತು. ಮರುದಿನದಿಂದ ಮೌನಮ್ಮನಿಗೇ ಜ್ವರ ಬಂದು ಬಾಗಿಲು ಹಾಕಿಕೊಂಡಳು. ದೊಡ್ಡಿಗೂ ಸರ್ಕಾರಕ್ಕೂ ನಡುವೆ ಉಳಿದ ದಾರಿ ನಾನೊಬ್ಬ, ಮತ್ತು ಅವರ ಗುಂಡಿ ಒತ್ತುವ ಹಳೆಯ ಫೋನುಗಳು. ದಿನಾ ಬೆಳಿಗ್ಗೆ ಏಳೂವರೆಗೆ ಶುರುಮಾಡಿ ಒಬ್ಬೊಬ್ಬರಿಗೆ ಫೋನ್ ಮಾಡುತ್ತಿದ್ದೆ. ಅವರು ಹೇಳಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಆಮೇಲೆ ಆ್ಯಪ್‌ಗೆ ತುಂಬುತ್ತಿದ್ದೆ.

ಈಗ ತಮಗೆ ನಮ್ಮ ಕಡೆಯ ಒಂದು ರಿವಾಜು ಹೇಳಬೇಕು. ತಮ್ಮ ಆ್ಯಪ್ ಮಾಡಿದವರಿಗೆ ಅದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹಾಗಾಗಿ ಅವರಿಗಿಂತ ನನ್ನ ತಪ್ಪು ದೊಡ್ಡದು. ಸುರಪುರ, ಶಹಾಪುರದಿಂದ ಹಿಡಿದು ಯಾದಗಿರಿಯವರೆಗೆ ಯಾರಿಗಾದರೂ ಫೋನ್ ಮಾಡಿ “ಆರಾಮ್ ಏನ್ರಿ?” ಅನ್ನಿ. “ಆರಾಮ್ ಅದೀವ್ರಿ” ಅಂತಲೇ ಬರುತ್ತದೆ. ಮನೆ ಬಿದ್ದಿರಲಿ, ಎತ್ತು ಸತ್ತಿರಲಿ, ಮಗಳು ಗಂಡನ ಮನೆ ಬಿಟ್ಟು ಬಂದಿರಲಿ, ಮೊದಲ ಮಾತು ಆರಾಮ. ಅದು ಆರೋಗ್ಯದ ವರದಿಯಲ್ಲ, ಅದು ಮರ್ಯಾದೆ. ಫೋನ್ ಮಾಡಿದವನ ಹೊಟ್ಟೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಸಂಕಟ ಹಾಕಬಾರದು ಎಂಬ ಮರ್ಯಾದೆ. ನಿಜ ಬೇಕಾದರೆ ಎದುರು ಹೋಗಿ ಕೂಡಬೇಕು. ಚಹಾ ಕುಡಿಯಬೇಕು, ಮಳೆಯ ಮಾತು ಆಡಬೇಕು, ಎದ್ದು ಹೊರಡುವಾಗ ಹೊಸ್ತಿಲ ಹತ್ತಿರ “ಏನಿಲ್ರಿ, ಸ್ವಲ್ಪ ಎದಿ ಹಿಡದಂಗ ಆಗ್ಯಾದ” ಎಂಬ ಮಾತು ಬರುತ್ತದೆ. ಹೊಸ್ತಿಲಿನ ಮಾತೇ ನಿಜವಾದ ಮಾತು. ಆ ಹೊಸ್ತಿಲಿಗೆ ತಮ್ಮ ಆ್ಯಪ್‌ನಲ್ಲಿ ಗುಂಡಿ ಎಲ್ಲಿದೆ?

ರಿವಾಜಿನ ಮೇಲೆ ಭಯ ಬೇರೆ. ಕೆಂಪು ಒತ್ತಿದರೆ ವಾಹನ ಬರುತ್ತದೆ ಎಂಬುದನ್ನು ತಾವು ಸೌಲಭ್ಯ ಎಂದು ಅಚ್ಚು ಹಾಕಿಸಿದಿರಿ. ಜನ ಅದನ್ನು ಬೆದರಿಕೆ ಎಂದು ಓದಿದರು. ಅಕ್ಷರ ಅದೇ. ವಾಹನ ಹತ್ತಿದವರು ತಿರುಗಿ ಬರುವುದಿಲ್ಲ, ಹೆಣವನ್ನೂ ಮುಟ್ಟಲು ಕೊಡುವುದಿಲ್ಲ ಎಂದು ದೊಡ್ಡಿಯಲ್ಲಿ ಮಾತಿತ್ತು. ಪಟ್ಟಿಯಲ್ಲಿದ್ದ ಭಾಗಮ್ಮ ಎಂಬ ಮುದುಕಿ ನನಗೆ ನೇರ ಹೇಳಿದಳು: “ಏನರೆ ಒತ್ತಪ್ಪಾ, ಕೆಂಪಂದು ಒಂದು ಒತ್ತಬ್ಯಾಡ. ಒತ್ತಿದೆಂದ್ರ ಸತ್ತ ಮ್ಯಾಲ ಬಂದು ನಿನ್ನ ಅಂಗಡ್ಯಾಗ ಕೂಡ್ತೀನಿ ನೋಡು.” ನಾನು ನಕ್ಕೆ. ಅವಳು ಬದುಕಿದ್ದಾಳೆ, ಆ ಮಾತನ್ನು ಈಗಲೂ ಅನ್ನುತ್ತಾಳೆ.

ಹಂಪಮ್ಮನ ಪುಟವನ್ನು ಇಲ್ಲಿ ನಕಲು ಮಾಡುತ್ತೇನೆ. ಮೇ ಒಂಬತ್ತು, ಮೊದಲ ದಿನ: ‘ಆರಾಮ್ ಅದೀನ್ರಿ ಅಣ್ಣಾ, ನಿಮ್ಮ ಮನ್ಯಾಗ ಆರಾಮೇನು?’ ಹತ್ತು: ‘ಆರಾಮ. ಕೆಮ್ಮಿದಳು.’ ಹನ್ನೊಂದು: ‘ಆರಾಮ. ಮಾತಿನ ನಡುವೆ ಎರಡು ಸಲ ಉಸಿರು ತೆಗೆದುಕೊಂಡಳು.’ ಹನ್ನೆರಡು: ‘ಗಂಡ ಎತ್ತಿದ. ಆರಾಮ ಅಂದ. ಹಿಂದೆ ಯಾರೋ ನರಳಿದಂತೆ.’ ಹದಿಮೂರು: ‘ಗಂಡ. ಆರಾಮ. ಬೇಗ ಇಟ್ಟ.’ ಹದಿನಾಲ್ಕು: ‘ಗಂಡ. ಆರಾಮ್ ಅದೀವಿ ಅಂದ.’ ಇದು ನನ್ನ ಕೈಬರಹ. ಉಸಿರು ಎಣಿಸಿ ಬರೆದಿದ್ದೇನೆ, ನೋಡಿ. ಗಿರಾಕಿಯ ದನಿ ಕೇಳಿ ಅವನು ಕೊಳ್ಳುತ್ತಾನೋ ಬರೀ ನೋಡಿ ಹೋಗುತ್ತಾನೋ ಹೇಳುವವನು ನಾನು. ಆ ಉಸಿರು ಏನೆಂದು ನನಗೆ ತಿಳಿಯಲಿಲ್ಲವೇ? ತಿಳಿಯಿತು. ಹನ್ನೆರಡರಂದು ಬೆರಳು ಹಳದಿಯ ಮೇಲೆ ಹೋಗಿತ್ತು. ಹಳದಿ ಒತ್ತಿದರೆ ಇನ್ನೂ ಹದಿನಾಲ್ಕು ಪ್ರಶ್ನೆ ತೆರೆದುಕೊಳ್ಳುತ್ತಿದ್ದವು. ನನಗಿನ್ನೂ ಹನ್ನೊಂದು ಜನರಿಗೆ ಫೋನ್ ಮಾಡುವುದಿತ್ತು. ಹಸಿರು ಒತ್ತಿದೆ.

ಆಮ್ಲಜನಕದ ಅಂಕಿ ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಅಳೆಯುವ ಯಂತ್ರ ಇಡೀ ದೊಡ್ಡಿಗೆ ಒಂದೇ ಇತ್ತು, ಎರಡನೆಯ ದಿನಕ್ಕೆ ಅದರ ಸೆಲ್ ಮುಗಿದಿತ್ತು. ಅಂಕಿ ತುಂಬದೆ ಆ್ಯಪ್ ಮುಂದೆ ಹೋಗುತ್ತಿರಲಿಲ್ಲ. ತೊಂಬತ್ತೇಳು ಹಾಕಿದರೆ ಹೋಗುತ್ತಿತ್ತು. ಹತ್ತು ದಿನ ಹತ್ತೊಂಬತ್ತು ಜನರಿಗೂ ತೊಂಬತ್ತೇಳು. ಒಂದು ವಸತಿಯ ಅಷ್ಟೂ ರೋಗಿಗಳ ಉಸಿರು ಹತ್ತು ದಿನ ಒಂದೇ ಅಂಕಿಯ ಮೇಲೆ ನಿಂತರೆ ತಮ್ಮ ಕಚೇರಿಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ನಮ್ಮ ಸಂತೆಯಲ್ಲಿ ಹತ್ತೊಂಬತ್ತು ಮೆಣಸಿನಕಾಯಿ ಚೀಲ ಒಂದೇ ತೂಕ ತೂಗಿದರೆ ಮೊದಲು ತಕ್ಕಡಿಯನ್ನು ಹಿಡಿದು ಜಗಳ ತೆಗೆಯುತ್ತಾರೆ.

ಹಂಪಮ್ಮ ಹದಿನಾಲ್ಕರ ಬೆಳಿಗ್ಗೆ ಆರರ ಹೊತ್ತಿಗೆ ತೀರಿಕೊಂಡಿದ್ದಳು. ಎಂಟಕ್ಕೆ ನಾನು ಫೋನ್ ಮಾಡಿದಾಗ ಹುಲಗಪ್ಪ ಹೆಣದ ಪಕ್ಕ ಕೂತಿದ್ದ. “ಆರಾಮ್ ಅದೀವ್ರಿ,” ಅಂದ. ವಾಹನ ಬಂದು ಹೆಂಡತಿಯನ್ನು ಒಯ್ದುಬಿಡುತ್ತದೆ ಎಂಬ ಭಯ. ಐದು ಜನ ಸೇರಿ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಆಮೇಲೂ ನಾಲ್ಕು ದಿನ ನಾನು ಫೋನ್ ಮಾಡಿದೆ. ನಾಲ್ಕು ದಿನವೂ ಅವನು ಆರಾಮ ಅಂದ. ನಾಲ್ಕು ದಿನವೂ ಮಣ್ಣಿನೊಳಗಿದ್ದವಳಿಗೆ ತೊಂಬತ್ತೇಳು ಹಾಕಿದೆ. ಹನ್ನೊಂದನೆಯ ದಿನ ತಮ್ಮ ಯಂತ್ರದಿಂದ ಹತ್ತೊಂಬತ್ತು ಪ್ರಮಾಣಪತ್ರ ಬಂದವು: ‘ಅಭಿನಂದನೆಗಳು, ತಾವು ಗುಣಮುಖರಾಗಿದ್ದೀರಿ.’ ಕೆಳಗೆ ಹತ್ತು ದಿನದ ತಖ್ತೆ, ಹತ್ತು ಹಸಿರು ಗುರುತು. ಸರ್ಕಾರದ ಕಾಗದ ಅಂದರೆ ನಮ್ಮಲ್ಲಿ ಹಾಗೇ ಬಿಡುವುದಿಲ್ಲ. ಹತ್ತೊಂಬತ್ತನ್ನೂ ಪ್ರಿಂಟ್ ಹಾಕಿ, ಲ್ಯಾಮಿನೇಷನ್ ಮಾಡಿಸಿ, ದೊಡ್ಡಿಗೆ ಹಾಲಿನ ಗಾಡಿಯಲ್ಲಿ ಕಳಿಸಿದೆ. ನನಗೆ ಖುಷಿಯಾಗಿತ್ತು. ಎಲ್ಲರೂ ಉಳಿದರು ಎಂದುಕೊಂಡಿದ್ದೆ. ಹಂಪಮ್ಮ ಹೋದ ಸುದ್ದಿ ಮೌನಮ್ಮ ಎದ್ದು ಓಡಾಡುವಂತಾದ ಮೇಲೆ ನನಗೆ ಗೊತ್ತಾಯಿತು.

ಇಲ್ಲಿಗೆ ಮುಗಿದಿದ್ದರೆ ತಪ್ಪು ನನ್ನ ಎದೆಯಲ್ಲಿರುತ್ತಿತ್ತು, ತಮಗೆ ತೊಂದರೆ ಕೊಡುತ್ತಿರಲಿಲ್ಲ. ಹಂಪಮ್ಮನಿಗೆ ಸಪ್ನಾ ಎಂಬ ಒಬ್ಬಳೇ ಮಗಳು. ದೊಡ್ಡಿಯಲ್ಲಿ ಮೊದಲು ಬಿ.ಎಡ್. ಮಾಡಿದವಳು, ಸುರಪುರದ ಹತ್ತಿರ ಅತಿಥಿ ಶಿಕ್ಷಕಿ. ಆ ಏಪ್ರಿಲ್‌ನಲ್ಲಿ ಅವ್ವನ ಕೈ ಹಿಡಿದು ಕರೆದುಕೊಂಡು ಹೋಗಿ ಲಸಿಕೆ ಹಾಕಿಸಿದವಳು ಅವಳೇ. ಲಸಿಕೆಯ ಮರುದಿನ ಹಂಪಮ್ಮನಿಗೆ ಜ್ವರ ಬಂದು ಹೋಗಿತ್ತು. ಎಲ್ಲರಿಗೂ ಬರುತ್ತಿತ್ತು. ಮೇ ತಿಂಗಳಲ್ಲಿ ಸತ್ತಾಗ ದೊಡ್ಡಿಯವರು ನನ್ನ ಲ್ಯಾಮಿನೇಷನ್ ಕಾಗದ ಓದಿದರು. ಬೇನೆ ಬಂದಿತ್ತು, ಸರಿ. ಆದರೆ ದಿನ ದಿನವೂ ಹಸಿರಿದೆ. ಸತ್ತ ದಿನವೂ ಹಸಿರು. ಸತ್ತ ಮೇಲಿನ ನಾಲ್ಕು ಹಸಿರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಾಗಾದರೆ ಬೇನೆಯಿಂದ ಸತ್ತಿಲ್ಲ. ಹಾಗಾದರೆ? ಮಗಳು ಹಾಕಿಸಿದ ಸೂಜಿ. ಲೆಕ್ಕ ಎಷ್ಟು ಸಲೀಸಾಗಿ ಕೂಡಿತು ನೋಡಿ. ಹುಲಗಪ್ಪ ಅಂದಿನಿಂದ ಮಗಳ ಕೈಯಿಂದ ನೀರು ಸಹ ಮುಟ್ಟಿಲ್ಲ. ಎರಡನೆಯ ಸೂಜಿಗೆ ದೊಡ್ಡಿಯಿಂದ ಒಬ್ಬರೂ ಹೋಗಲಿಲ್ಲ. ತಾವು ಎಷ್ಟು ಜಾಥಾ ಮಾಡಿದಿರಿ, ಎಷ್ಟು ಧ್ವನಿವರ್ಧಕ ಕಟ್ಟಿದಿರಿ. ಗೋಡೆಯ ಮೇಲೆ ತಮ್ಮದೇ ಕಾಗದ ತಮ್ಮ ವಿರುದ್ಧ ತೂಗುತ್ತಿತ್ತು.

ಮೊದಲು ಸುರಪುರದ ಕಚೇರಿಗೆ ಹೋದೆ. ಜಿಲ್ಲೆಗೆ ಹೋಗಿ ಅಂದರು. ಶಹಾಪುರ ದಾಟಿ ಯಾದಗಿರಿಯ ತಮ್ಮ ಕಚೇರಿಗೆ ಇಲ್ಲಿಯವರೆಗೆ ಏಳು ಸಲ ಬಂದಿದ್ದೇನೆ. ತಮ್ಮ ದರ್ಶನವಾಗಿಲ್ಲ. ಗಣಕಯಂತ್ರದ ಮುಂದೆ ಕೂತ ಗುಮಾಸ್ತರ ಜೊತೆ ಆದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ.

“ಆ ಆ್ಯಪ್ ಬಂದ್ ಆಗಿ ಮೂರ ವರ್ಷ ಆತ್ರಿ ಯಜಮಾನ್ರ.”

“ಮತ್ತ ದಾಖಲೆ?”

“ಅದು ಅದ. ನೋಡಾಕ ಬರ್ತದ, ಮುಟ್ಟಾಕ ಬರಂಗಿಲ್ಲ.”

“ನಾನ ತಪ್ಪು ತುಂಬೀನಿ ಅಂತ ಬರದು ಕೊಡ್ತೀನ್ರಿ. ಬೇಕಾದ್ರ ಕೇಸ್ ಹಾಕ್ರಿ.”

“ನಿಮ್ಮ ಮ್ಯಾಲ ಯಾಕ ಕೇಸ್? ನೀವೆಲ್ಲಿ ಅದೀರಿ ಇದರಾಗ? ಹಂಪಮ್ಮ ಅಂತ ಅದ. ಬಳಕೆದಾರರು ಖುದ್ದ ಅರ್ಜಿ ಕೊಡಬೇಕು.”

“ಬಳಕೆದಾರರು ಸತ್ತಾರಲ್ರಿ ಸಾಹೇಬ್ರ!”

ಅವರು ಪರದೆ ನೋಡಿದರು. ಕೆಟ್ಟ ಮನುಷ್ಯರಲ್ಲ, ನನಗೆ ಕುರ್ಚಿ ಕೊಟ್ಟಿದ್ದರು. “ಇಲ್ಲಿ ಗುಣಮುಖ ಅಂತ ಅದ್ರಿ. ನಾ ಏನ್ ಮಾಡ್ಲಿ?” ಅಂದರು.

ಆರನೆಯ ಸಲ ಹೋದಾಗ ಅರ್ಜಿಯ ಬದಲು ನನ್ನ ಕೈಗೇ ಒಂದು ಕಾಗದ ಸಿಕ್ಕಿತು. ‘ಸಂಕಷ್ಟ ಕಾಲದಲ್ಲಿ ಡಿಜಿಟಲ್ ಆರೋಗ್ಯ ಸೇವೆ’ಗೆ ಪ್ರಶಂಸಾಪತ್ರ, ಹಿಂದೆಯೇ ಕೊಡಬೇಕಾಗಿದ್ದು, ಕಪಾಟಿನಲ್ಲಿ ಉಳಿದಿತ್ತಂತೆ. ನೂರಕ್ಕೆ ನೂರು ಸಾಧಿಸಿದ ಸ್ವಯಂಸೇವಕ ಎಂದು ನನ್ನ ಹೆಸರು ಅದರಲ್ಲಿದೆ. ಹಂಪಮ್ಮನ ದಾಖಲೆಯಲ್ಲಿ ನಾನು ಎಲ್ಲಿಯೂ ಇಲ್ಲ, ಪ್ರಶಂಸೆಯಲ್ಲಿ ಇದ್ದೇನೆ. ಇಂಥ ಜಮಾಖರ್ಚು ನನ್ನ ಅಂಗಡಿಯಲ್ಲಿ ಬರೆದರೆ ಮರುದಿನ ಬೀಗ ಬೀಳುತ್ತದೆ.

ಈಗ ಈ ತಿಂಗಳ ವಿಷಯ. ಹುಲಗಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು, ಯಾರಿಗೂ ಗೊತ್ತಿರಲಿಲ್ಲ. ದೀಪಾವಳಿಯ ಮುಂದೆ ಹತ್ತಿ ಹೊಲದಲ್ಲಿ ಎಡಗಾಲಿಗೆ ಕಟ್ಟಿಗೆ ಚುಚ್ಚಿ ಗಾಯ ಕಪ್ಪಾಗಿದೆ. ಸಪ್ನಾ ವೈದ್ಯರನ್ನು ದೊಡ್ಡಿಗೇ ಕರೆತಂದಳು. ಅವರು ನೋಡಿ, ದಿನಾ ಎರಡು ಹೊತ್ತು ಇನ್ಸುಲಿನ್ ಚುಚ್ಚಬೇಕು, ಎರಡು ಬೆರಳು ತೆಗೆಯಬೇಕು, ತಿಂಗಳು ದಾಟಿದರೆ ಮೊಣಕಾಲಿನವರೆಗೆ ಹೋಗುತ್ತದೆ, ಆಮೇಲೆ ದೇವರ ಇಚ್ಛೆ ಎಂದರು. ಹುಲಗಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ. “ಅವ್ವನ್ನ ಒಂದ ಸೂಜಿಲೆ ಮುಗಿಸಿದಿ. ನನಗ ದಿನಕ್ಕ ಎರಡೇನು?” ಎಂದು ಮಗಳಿಗೆ ಅಂದ. ಅವಳು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ವೈದ್ಯರಿಗೆ ಬ್ಯಾಗು ಎತ್ತಿಕೊಟ್ಟಳು. ಅಳಲಿಲ್ಲ. ಮರುದಿನ ನನ್ನ ಅಂಗಡಿಗೆ ಬಂದಳು.

“ಕಾಕಾ, ನೀವು ಒಮ್ಮಿ ಅಪ್ಪನ ಮುಂದ ಹೇಳ್ರಿ. ನನಗ ಬೈಯಲಿ, ಹೊಡೀಲಿ. ಸೂಜಿ ಒಂದು ಹಾಕಿಸ್ಕೊಳ್ಳಲಿ.”

ಹೋದೆ. ನೋಟುಬುಕ್ ಒಯ್ದಿದ್ದೆ. ಅವನ ಹೊರಸಿನ ಪಕ್ಕ ನೆಲದ ಮೇಲೆ ಕೂತು ಪುಟ ತೆರೆದು ಒಂದೊಂದು ದಿನ ಓದಿದೆ. “ಹುಲಗಪ್ಪಾ, ಇದನ್ನ ಒತ್ತಿದವ ನಾನು. ಹಸಿರು ಸುಳ್ಳು. ಆಕಿ ಬೇನಿಲೆ ಸತ್ತಾಳ, ಸೂಜಿಲೆ ಅಲ್ಲ. ನಿನ್ನ ಮಗಳದು ಏನೂ ತಪ್ಪಿಲ್ಲ,” ಅಂದೆ.

ಅವನು ಪೂರ್ತಿ ಕೇಳಿದ. ಆಮೇಲೆ ಗೋಡೆಯ ಕಾಗದದ ಮೇಲಿದ್ದ ಮುದ್ರೆ ತೋರಿಸಿದ. “ಸಾಹುಕಾರ, ನೀವು ಒಳ್ಳೇವ್ರು. ನನ್ನ ಮಗಳನ್ನ ಉಳಸಾಕ ಸುಳ್ಳ ಹೇಳಾಕತ್ತೀರಿ. ಅದ್ರಾಗ ಸಿಕ್ಕಾ ಅದ. ಸರ್ಕಾರ ಯಾಕ ಸುಳ್ಳ ಬರೀತದ್ರಿ?”

ಮಾನ್ಯರೇ, ಮಾತಿನಿಂದ ಹೊಟ್ಟೆ ಹೊರೆದವನು ನಾನು. ಒಡೆದ ಫೋನನ್ನೂ ಮಾತಿನಿಂದ ಮಾರಿದ್ದೇನೆ. ಆ ಮನುಷ್ಯನಿಗೆ ಒಂದು ನಿಜವನ್ನು ಮಾರಲಾರದೆ ನೋಟುಬುಕ್ ಮಡಚಿದೆ.

ಒಂದು ಲೆಕ್ಕ ಮಾತ್ರ ಅಲ್ಲಿ ಕೂತಾಗ ತಿಳಿಯಿತು, ಅದನ್ನು ಅವನಿಗೆ ಹೇಳಿಲ್ಲ, ತಮಗೆ ಹೇಳುತ್ತೇನೆ. ಹಂಪಮ್ಮ ಸೂಜಿಯಿಂದ ಸತ್ತಿಲ್ಲವಾದರೆ ಬೇನೆಯಿಂದ ಸತ್ತಳು. ಬೇನೆಯಿಂದ ಸತ್ತಳಾದರೆ ಹನ್ನೆರಡರಂದು, ಹದಿಮೂರರಂದು ಫೋನ್ ಎತ್ತಿ ಆರಾಮ ಅಂದವನು ಯಾರು? ಅವನು ಆ ಕಾಗದವನ್ನು ನಂಬಲೇಬೇಕು. ನಂಬದಿದ್ದರೆ ತಪ್ಪು ತಿರುಗಿ ಅವನ ಎದೆಯ ಮೇಲೆ ಬಂದು ಕೂಡುತ್ತದೆ. ಅದಕ್ಕಿಂತ ಮಗಳ ಮೇಲೆ ಹೊರಿಸುವುದು ಹಗುರ, ಕಾಲು ಕೊಳೆಯುವುದು ಹಗುರ. ಮುಂದಿನ ಪ್ರಶ್ನೆಯನ್ನು ಕೇಳಿಕೊಳ್ಳದಿರಲು ಅವನು ನಾಲ್ಕು ವರ್ಷದಿಂದ ಆ ಗೋಡೆ ನೋಡುತ್ತ ಮಲಗಿದ್ದಾನೆ. ನಾನು ತಪ್ಪು ನನ್ನದು ಅಂದರೆ ಅವನಿಗೆ ಸಾಲುವುದಿಲ್ಲ. ನಾನು ಅಂಗಡಿಯವನು, ಸಣ್ಣವನು. ಒಂದು ಸಾವನ್ನು ಹೊರುವಷ್ಟು ದೊಡ್ಡವರು ಬೇಕು.

ಆದ್ದರಿಂದ ನನ್ನ ಬೇಡಿಕೆಯನ್ನು ಬದಲಿಸಿದ್ದೇನೆ. ದಾಖಲೆ ತಿದ್ದುವುದು ಬೇಡ. ತಮ್ಮ ಯಂತ್ರ ಮುಟ್ಟಲು ಬರುವುದಿಲ್ಲ, ಇರಲಿ; ಹಂಪಮ್ಮ ಅಲ್ಲಿ ಗುಣಮುಖಳಾಗಿಯೇ ಇರಲಿ. ಹೊಸ ಆ್ಯಪ್ ಬಂದಿದೆ, ಮತ್ತೆ ಸ್ವಯಂಸೇವಕನಾಗು ಎಂದು ಕಳೆದ ವಾರ ತಮ್ಮಿಂದ ನನಗೆ ಸಂದೇಶ ಬಂದಿದೆ. ಅದಕ್ಕೂ ಇಲ್ಲಿ ಉತ್ತರ ಬರೆಯುತ್ತಿಲ್ಲ. ತಾವು ಒಂದು ದಿನ ಬಿಡುವು ಮಾಡಿಕೊಂಡು ದೊಡ್ಡಿಗೆ ಬರಬೇಕು. ತಾವೇ ಬರಬೇಕು, ಫೋನ್ ಮಾಡಬಾರದು. ಫೋನ್ ಮಾಡಿದರೆ ಅವನು ಏನು ಹೇಳುತ್ತಾನೆ ಎಂದು ತಮಗೀಗ ಗೊತ್ತಿದೆ. ಜೀಪು ಕೆರೆಯ ಏರಿಯವರೆಗೆ ಬರುತ್ತದೆ, ಮುಂದೆ ಅರ್ಧ ಹರದಾರಿ ನಡೆಯಬೇಕು. ಅವನ ಹೊರಸಿನ ಪಕ್ಕ ಕೂತು, ಆ ಕಾಗದ ಬರೆದವರು ನಾವು, ತಪ್ಪು ಬರೆದೆವು, ಸರಿಯಾಗಿ ಕೇಳದೆ ಬರೆದೆವು, ನಿನ್ನ ಹೆಂಡತಿಯನ್ನು ಉಳಿಸಬೇಕಾದವರು ನಾವು, ನಿನ್ನದೂ ತಪ್ಪಿಲ್ಲ, ನಿನ್ನ ಮಗಳದೂ ತಪ್ಪಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಇಷ್ಟು ದೊಡ್ಡ ಇಲಾಖೆ, ಇಷ್ಟು ಮಹಡಿ, ಇಷ್ಟು ಕುರ್ಚಿ. ಒಂದು ತಪ್ಪು ಹೊರಲಾರದೇ?

ತಾವು ಬರುವುದಿಲ್ಲ ಎಂದು ನನಗೆ ಗೊತ್ತು. ಏಳು ಸಲ ಬಂದವನಿಗೆ ಅಷ್ಟು ತಿಳಿಯುತ್ತದೆ. ಆದರೂ ತಿಂಗಳು ಮುಗಿಯಲು ಹನ್ನೊಂದು ದಿನ ಇದೆ, ಸಪ್ನಾ ರಜೆ ಹಾಕಿ ದೊಡ್ಡಿಯಲ್ಲೇ ಇದ್ದಾಳೆ. ಇನ್ಸುಲಿನ್ ಡಬ್ಬಿಯನ್ನು ನೀರಿನ ಕೊಡದ ಬುಡದ ಹಸಿ ಮರಳಿನಲ್ಲಿ ಹೂತು ತಂಪಾಗಿ ಇಟ್ಟುಕೊಂಡಿದ್ದಾಳೆ, ಅಪ್ಪ ಹೂಂ ಅಂದ ಗಳಿಗೆಗೆ ಇರಲಿ ಎಂದು. ಈ ಜಿಲ್ಲೆಯಲ್ಲಿ ಸರ್ಕಾರ ಸುಳ್ಳು ಬರೆಯುವುದಿಲ್ಲ ಎಂದು ಇಂದಿಗೂ ನಂಬಿರುವ ಮನುಷ್ಯ, ನನ್ನ ಎಣಿಕೆಯ ಪ್ರಕಾರ, ಅವನೊಬ್ಬನೇ ಉಳಿದಿದ್ದಾನೆ. ಅವನನ್ನಾದರೂ ಉಳಿಸಿಕೊಳ್ಳಿ.

ಇಂತಿ,
ತಮ್ಮ ಒಂದು ಕಾಗದದಷ್ಟೂ ನಂಬಿಕೆ ಗಳಿಸಲಾಗದ,
ವಿಶ್ವರಾಧ್ಯ
ಮೊಬೈಲ್ ಅಂಗಡಿ, ಹುಣಸಗಿ